ಸಪ್ಪೆ ಸೋಡಾದ ಸಂಬಂಧ

ಹೆಣ್ಣು ಕೇಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ನಮ್ಮ ಸಾಕ್‌ವಿಟ್ಸ್ ಊರಿನಲ್ಲಿ ಇಲ್ಲ. ಇದು ಜಂಬವಲ್ಲ, ಯಾರನ್ನಾದರೂ ಕೇಳಿ ನೋಡಿ. ಹದಿನೇಳು ಮನೆಗಳ ಹೊಸ್ತಿಲ ಮುಂದೆ ಮಂಡಿಯೂರಿ, ಹದಿನೇಳು ಹೆಣ್ಣುಗಳನ್ನು ಬೇರೆಯವರ ಗಂಡುಮಕ್ಕಳಿಗೆ ಕೊಡಿಸಿದ್ದೇನೆ. ನಮ್ಮಲ್ಲಿ ಹುಡುಗನ ತಂದೆ ತಾನೇ ಬಾಯಿಬಿಟ್ಟು ಹೆಣ್ಣು ಕೇಳುವಂತಿಲ್ಲ. ಮಾತು ಬಲ್ಲವನೊಬ್ಬನನ್ನು ಮುಂದಿಟ್ಟುಕೊಂಡು, ಸೋಡಾ ಪೆಟ್ಟಿಗೆಗಳನ್ನು ಹೊತ್ತುಕೊಂಡು ಹಿಂದೆ ನಡೆಯಬೇಕು. ಮಾತು ಆಡುವವನು ನಾನು. ಆದರೆ ನಿಜ ಹೇಳಿಬಿಡುತ್ತೇನೆ, ಹೆಣ್ಣು ಸಿಗುವುದು ಮಾತಿಗಲ್ಲ, ಸೋಡಾಕ್ಕೆ. ಹೆಣ್ಣಿನ ತಂದೆ ಲೋಟ ತೆಗೆದುಕೊಂಡನೋ, ಹೆಣ್ಣು ಕೊಟ್ಟ ಹಾಗೆ. ತೆಗೆದುಕೊಳ್ಳಲಿಲ್ಲವೋ, ಊರೆಲ್ಲ ನೋಡುತ್ತಿರುವಾಗ ಪೆಟ್ಟಿಗೆ ಹೊತ್ತು ವಾಪಸು ಬರಬೇಕು. ನನ್ನ ಅಜ್ಜನ ಕಾಲದಲ್ಲಿ ಆ ಲೋಟದಲ್ಲಿ ಕಬ್ಬಿನ ಸಾರಾಯಿ ಇರುತ್ತಿತ್ತು. ಹೆಣ್ಣು ಕೇಳಲು ಹೋದವರು ಯಾರ ಮನೆಗೆ ಹೋಗಿದ್ದೆವೆಂಬುದನ್ನೇ ಮರೆತು ಬರುತ್ತಿದ್ದರಂತೆ. ಈಗ ಆ ಜಾಗಕ್ಕೆ ಸಕ್ಕರೆ ತುಂಬಿದ ಕರಿ ಸೋಡಾ ಬಂದಿದೆ. ನೆನಪು ಉಳಿಯುತ್ತದೆ, ಹಲ್ಲು ಉಳಿಯುವುದಿಲ್ಲ.

ಹದಿನೆಂಟನೆಯ ಹೆಣ್ಣಿನ ವಿಷಯದಲ್ಲಿ ನನ್ನ ಹೆಸರು ಕೆಡಬೇಕಾಗಿತ್ತು. ಅದಕ್ಕೆ ಕಾರಣ ನನ್ನ ಕುಂಪಾ ತೆಲೆಶ್. ಅವನ ಮಗ ಚೆಪ್‌ಗೆ ಇಗರ್ಜಿಯಲ್ಲಿ ಹೆಸರಿಡುವಾಗ ಮಗುವನ್ನು ಎತ್ತಿ ಹಿಡಿದವನು ನಾನು. ಅಂದಿನಿಂದ ನಾವು ಒಬ್ಬರಿಗೊಬ್ಬರು ಕುಂಪಾ. ಅಂದರೆ ಅವನ ಮಾನ ನನ್ನ ತಲೆಯ ಮೇಲೆ. ಹೊರೆ ಸಣ್ಣದಲ್ಲ.

ತೆಲೆಶ್ ಸೇವಂತಿಗೆ ಬೆಳೆಯುತ್ತಾನೆ. ಬೆಳಿಗ್ಗೆ ಹೂ ಕೊಯ್ಯುವ ಮುಂಚೆ ಒಂದು ಸೋಡಾ, ಕೊಯ್ದ ಮೇಲೆ ಒಂದು, ಊಟಕ್ಕೆ ದೊಡ್ಡ ಬಾಟಲಿ. ಅವನೊಬ್ಬನನ್ನೇ ಏಕೆ ಬೈಯಬೇಕು? ನಮ್ಮೂರ ನಲ್ಲಿ ವಾರಕ್ಕೆ ಎರಡು ಸಲ ಕೆಮ್ಮುತ್ತದೆ, ಒಂದು ಸಲ ನೀರು ಕೊಡುತ್ತದೆ. ಸೋಡಾ ಲಾರಿ ಮಾತ್ರ ದಿನಾ ಬರುತ್ತದೆ, ಅದೂ ಹಾಡು ಹಾಕಿಕೊಂಡು.

ಚೆಪ್‌ಗೆ ಹೆಣ್ಣು ಕೇಳುವ ಎರಡು ವಾರದ ಮುಂಚೆ ತೆಲೆಶ್‌ಗೆ ಕಾಲಿನಲ್ಲಿ ಇರುವೆ ಹರಿದಂತೆ ಆಗತೊಡಗಿತು. ಆರೋಗ್ಯ ಕೇಂದ್ರಕ್ಕೆ ಹೋದ. ಜೊತೆಗೆ ನಾನೂ ಹೋದೆ. ನರ್ಸ್ ಮಿರೆಯಾ ಅವನ ಬೆರಳು ಚುಚ್ಚಿ, ರಕ್ತದ ಹನಿಯನ್ನು ಪುಟ್ಟ ಯಂತ್ರಕ್ಕೆ ಉಣಿಸಿದಳು.

"ಮುನ್ನೂರ ನಲವತ್ತು" ಎಂದಳು.

"ನನ್ನ ಮುಂಚೆ ಬಂದಿದ್ನಲ್ಲ, ಆ ಬಡಗಿಗೆ ಎಷ್ಟು ಬಂತು?" ಎಂದು ತೆಲೆಶ್ ಕೇಳಿದ.

"ನೂರಾ ಹತ್ತು."

ತೆಲೆಶ್ ಎದೆ ಉಬ್ಬಿಸಿ ನನ್ನ ಕಡೆ ನೋಡಿದ. ಬಡಗಿಯನ್ನು ಅವನು ಯಾವುದರಲ್ಲೂ ಸೋಲಿಸಿದವನಲ್ಲ.

"ಹಲ್ಲು ಕಿರೀಬೇಡ" ಎಂದಳು ಮಿರೆಯಾ. "ಇದು ಪರೀಕ್ಷೆ ಮಾರ್ಕಲ್ಲ. ನಿನ್ನ ರಕ್ತ ಪಾಕ ಆಗಿದೆ. ಸಕ್ಕರೆ ಕಾಯಿಲೆ. ಹೀಗೇ ಬಿಟ್ರೆ ಕಣ್ಣು ಹೋಗುತ್ತೆ, ಕಿಡ್ನಿ ಹೋಗುತ್ತೆ, ಕಾಲೂ ಹೋಗುತ್ತೆ. ದಿನಾ ಮಾತ್ರೆ ನುಂಗು, ಗುರುವಾರ ಗುರುವಾರ ಬಾ, ಸೋಡಾ ಇವತ್ತಿಂದ ಬಂದ್!"

ದಾರಿಯಲ್ಲಿ ತೆಲೆಶ್ ನನ್ನ ತೋಳು ಹಿಡಿದುಕೊಂಡ. "ಕುಂಪಾ, ಈ ಮಾತು ನಿನ್ನ ಹೊಟ್ಟೇಲೇ ಇರ್ಲಿ. ರಕ್ತದಲ್ಲಿ ರೋಗ ಇರೋ ಮನೆಗೆ ಮಾನ್ವೆಲ್ ಮಗಳನ್ನ ಕೊಡ್ತಾನಾ? ಚೆಪ್‌ಗೆ ಆ ಲೋಶಾ ಬಿಟ್ರೆ ಬೇರೆ ಹುಡುಗಿ ಕಣ್ಣಿಗೇ ಕಾಣಲ್ಲ. ಇಲ್ಲ ಅಂದ್ರೆ ಹುಡುಗ ಊರು ಬಿಟ್ಟು ಹೋಗ್ತಾನೆ."

"ಸರಿ. ಆದ್ರೆ ಹೆಣ್ಣು ಕೇಳೋ ದಿನ ಹನ್ನೊಂದು ಸುತ್ತು ಸೋಡಾ ಕುಡೀಬೇಕಲ್ಲ, ಏನ್ ಮಾಡ್ತೀಯ?"

ಇಲ್ಲಿ ನಮ್ಮ ಕಟ್ಟಲೆ ಹೇಳಬೇಕು. ಲೋಟ ಕೊಟ್ಟರೆ ಬೇಡ ಎನ್ನುವಂತಿಲ್ಲ. ಹೊಟ್ಟೆಯಲ್ಲಿ ಜಾಗವಿಲ್ಲದವನು ಚೀಲದಿಂದ ತಗಡಿನ ಲಾಳಿಕೆಯನ್ನೂ ಖಾಲಿ ಬಾಟಲಿಯನ್ನೂ ತೆಗೆದು, ನಮಸ್ಕರಿಸಿ, ಲೋಟದಲ್ಲಿದ್ದದ್ದನ್ನು ಅದರಲ್ಲಿ ಹುಯ್ದುಕೊಂಡು ಮನೆಗೆ ಒಯ್ಯಬಹುದು. ಹುಯ್ದುಕೊಂಡರೂ ಕುಡಿದ ಹಾಗೆಯೇ ಲೆಕ್ಕ. ಆದರೆ ಹೆಣ್ಣು ಕೇಳಲು ಹೋದವರಿಗೆ ಲಾಳಿಕೆ ಇಲ್ಲ. ತಾವು ತಂದದ್ದನ್ನು ತಾವು ಕುಡಿದು ತೋರಿಸಬೇಕು.

ತೆಲೆಶ್ ಮೂರು ದಿನ ಯೋಚಿಸಿದ. ಅವನು ಯೋಚಿಸಿದಾಗಲೆಲ್ಲ ಏನಾದರೂ ಅನಾಹುತ ಆಗುತ್ತದೆ. ನಾಲ್ಕನೆಯ ದಿನ ಪೇಟೆಗೆ ಹೋಗಿ ಸಕ್ಕರೆ ಇಲ್ಲದ ಸೋಡಾ ನಾಲ್ಕು ಪೆಟ್ಟಿಗೆ ತಂದ. ಬಣ್ಣ ಅದೇ, ನೊರೆ ಅದೇ, ಗುಳುಗುಳು ಅದೇ. ಚೀಟಿಯ ಮೇಲೆ ಮಾತ್ರ 'ಸಕ್ಕರೆ ಇಲ್ಲ' ಎಂದು ಕೋಳಿಮೊಟ್ಟೆಯಷ್ಟು ದೊಡ್ಡ ಅಕ್ಷರ. ಅದಕ್ಕಾಗಿ ಎಲ್ಲ ಬಾಟಲಿಗಳನ್ನು ಬಟ್ಟೆ ಒಗೆಯುವ ತೊಟ್ಟಿಯಲ್ಲಿ ನೆನೆಹಾಕಿ, ಒಂದೊಂದೇ ಚೀಟಿ ಸುಲಿಯಲು ಕೂತ.

"ಮದುವೆ ಮುಂಚೆ ಹುಡುಗನಿಗೆ ಎಣ್ಣೆನೀರು ಹಾಕೋದು ಕಂಡಿದೀನಿ" ಎಂದಳು ಅವನ ಹೆಂಡತಿ ಕಾತಾಲ್. "ಬಾಟ್ಲಿಗೆ ಹಾಕೋದು ಇದೇ ಮೊದಲು."

"ನಿಂಗೇನ್ ಗೊತ್ತು? ಚೀಟಿ ಇರೋದು ಸಾಮಾನ್ಯ ಜನಕ್ಕೆ. ದೊಡ್ಡೋರು ಫ್ಯಾಕ್ಟರಿ ತೊಟ್ಟಿಯಿಂದಲೇ ನೇರವಾಗಿ ತರಿಸ್ತಾರೆ."

ಹೇಳಿದ ಸುಳ್ಳು ಅವನಿಗೇ ಬಹಳ ಹಿಡಿಸಿತು. ಸಂಜೆಯೊಳಗೆ ಅಂಗಡಿ ಕಟ್ಟೆಯ ಮೇಲೆ ಅದನ್ನೇ ಎರಡು ಸಲ ಹೇಳಿದ. ಮಾರನೆಯ ದಿನದ ಹೊತ್ತಿಗೆ ಆ ಫ್ಯಾಕ್ಟರಿಯ ಯಜಮಾನ ಅವನ ದೂರದ ನೆಂಟನೂ ಆಗಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುತ್ತಾರಲ್ಲ, ಹಾಗೆ.

ಭಾನುವಾರ ಬೆಳಿಗ್ಗೆ ಮಾನ್ವೆಲ್‌ನ ಮನೆಗೆ ಹೋದೆವು. ಮಾನ್ವೆಲ್ ಹಿಂದೆ ಊರಿನ ಕೋಲು ಹಿಡಿದು ಅಧಿಕಾರ ನಡೆಸಿದವನು. ಕುರ್ಚಿ ಬಿಟ್ಟು ನಾಲ್ಕು ವರ್ಷವಾದರೂ ಕುರ್ಚಿಯಲ್ಲಿ ಕೂತ ಹಾಗೆಯೇ ನಡೆಯುತ್ತಾನೆ. ಅವನ ಪಕ್ಕದಲ್ಲಿ ಅವನ ತಾಯಿ ಪಾಸ್ಕು ಅಜ್ಜಿ. ಎಂಬತ್ತು ದಾಟಿದೆ, ಹಲ್ಲು ಮೂರು, ನಾಲಿಗೆ ಮಾತ್ರ ಹೊಚ್ಚಹೊಸದು.

ನಾನು ಮಂಡಿಯೂರಿ ಶುರುಮಾಡಿದೆ. "ನಿಮ್ಮ ಅಂಗಳದ ಹೂವ ಕೇಳಲು ಬಂದೆವು, ನಿಮ್ಮ ಒಲೆಯ ಬೆಳಕ ಕೇಳಲು ಬಂದೆವು. ನಮ್ಮ ಕಾಲ ಧೂಳ ಕ್ಷಮಿಸಿ, ನಮ್ಮ ಬಾಯ ಮಾತ ಕ್ಷಮಿಸಿ..."

"ನನ್ನ ಮಗಳು ಸೋಮಾರಿ" ಎಂದ ಮಾನ್ವೆಲ್. ಮೂರು ಸಲ ಹೆಣ್ಣನ್ನು ಹಳಿಯಬೇಕು, ಅದು ಪದ್ಧತಿ. "ರೊಟ್ಟಿ ಸುಟ್ಟರೆ ನಾಯೀನೂ ಮೂಸಲ್ಲ."

ಅಡುಗೆಮನೆಯಲ್ಲಿ ಪಾತ್ರೆಯೊಂದು ಢಣ್ ಎಂದಿತು.

"ಮಗ್ಗದ ಮುಂದೆ ಕೂತ್ರೆ ನಿದ್ದೆ ಹೊಡೀತಾಳೆ."

ಎರಡು ಪಾತ್ರೆ ಢಣ್ ಎಂದವು. ಮೂರನೆಯ ದೂರು ಹೇಳಲು ಮಾನ್ವೆಲ್ ಧೈರ್ಯ ಮಾಡಲಿಲ್ಲ, ಲೋಟಕ್ಕೆ ಕೈ ಚಾಚಿದ. ಚೆಪ್ ಹುಯ್ದ.

"ಚೀಟಿ ಯಾಕಿಲ್ಲ?" ಎಂದು ಪಾಸ್ಕು ಅಜ್ಜಿ ಬಾಟಲಿ ನೋಡಿ ಕೇಳಿದಳು.

"ನೇರ ತೊಟ್ಟಿಯಿಂದ ತರಿಸಿದ್ದು ಅಜ್ಜೀ" ಎಂದ ತೆಲೆಶ್.

"ತಗೋತೀನಿ ಅಣ್ಣಾ" ಎಂದು ಮಾನ್ವೆಲ್ ತಲೆಬಾಗಿದ. "ತಗೊಳ್ಳಿ ಅಣ್ಣಾ" ಎಂದೆ ನಾನು. ಮಾನ್ವೆಲ್ ಚೀಲಕ್ಕೆ ಕೈಹಾಕಿ, ಲಾಳಿಕೆ ತೆಗೆದು, ಸೋಡಾವನ್ನು ಬಾಟಲಿಗೆ ಹುಯ್ದುಕೊಂಡ. ಹನ್ನೊಂದು ಸುತ್ತೂ ಹಾಗೆಯೇ. ತೆಲೆಶ್ ಹನ್ನೊಂದು ಲೋಟ ಗಟಗಟ ಕುಡಿದು, ಹೆಮ್ಮೆಯಿಂದ ತೇಗಿದ. ಸಂಬಂಧ ಕುದುರಿತು. ಬರುವ ದಾರಿಯಲ್ಲಿ ಚೆಪ್ ನನ್ನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿದ. ನನ್ನ ತೂಕಕ್ಕೆ ಅದು ಸಣ್ಣ ಸಾಹಸವಲ್ಲ.

ಸೋಮವಾರ ಬೆಳಿಗ್ಗೆ ಪಾಸ್ಕು ಅಜ್ಜಿ ಮಗನ ಬಾಟಲಿಯಿಂದ ಒಂದು ಲೋಟ ಬಗ್ಗಿಸಿ ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡದ್ದನ್ನು ಕೋಳಿಯ ಮೇಲೆ ಉಗಿದಳು.

"ಮಾನ್ವೆಲ್! ಇದರ ಸಕ್ಕರೆ ಎಲ್ಲೋ?"

ಪೆಟ್ಟಿಗೆಯಿಂದ ಇನ್ನೊಂದು ಬಾಟಲಿ ತೆಗೆದು ಮುಚ್ಚಳ ಬಿಚ್ಚಿದಳು. ಸಪ್ಪೆ. ಮತ್ತೊಂದು. ಅದೂ ಸಪ್ಪೆ, ಸಿಹಿ ಬಂದ ಹಾಗೆ ಮಾಡಿ ನಾಲಿಗೆಯ ತುದಿಯಲ್ಲೇ ಕೈಕೊಡುತ್ತದೆ. ಅಜ್ಜಿ ಬೀದಿಗೆ ಬಂದಳು. ಅಜ್ಜಿ ಬೀದಿಗೆ ಬಂದ ಮೇಲೆ ವಿಷಯ ಮನೆಯಲ್ಲಿ ಉಳಿಯುವ ಪ್ರಶ್ನೆಯೇ ಇಲ್ಲ.

ಜೋಳದ ಗಿರಣಿಯ ಹತ್ತಿರ, ತೆಲೆಶ್ ಸೋಡಾ ಕುದಿಸಿ ಸಕ್ಕರೆ ಬೇರ್ಪಡಿಸಿ ಮಾರಿಕೊಂಡಿದ್ದಾನೆ ಎಂಬ ಸುದ್ದಿ. ಇಗರ್ಜಿ ಮೆಟ್ಟಿಲ ಮೇಲೆ, ಅವನೇ ಕುಡಿದು ಮುಗಿಸಿ ಬಾಟಲಿಗೆ ಇದ್ದಿಲ ನೀರು ತುಂಬಿಸಿದ್ದಾನೆ ಎಂದು. "ಚೀಟಿ ಕಿತ್ತಾಗಲೇ ನಂಗೆ ಅನುಮಾನ ಇತ್ತು" ಎಂದಳು ಪಕ್ಕದ ಮನೆಯವಳು. ಅವಳಿಗೆ ಯಾವಾಗಲೂ ಆಮೇಲೆಯೇ ಮುಂಚಿತವಾಗಿ ಅನುಮಾನ ಬರುತ್ತದೆ.

ಮಧ್ಯಾಹ್ನ ಮಾನ್ವೆಲ್ ಪೆಟ್ಟಿಗೆಗಳನ್ನು ಗಾಡಿಯಲ್ಲಿ ಹೇರಿಕೊಂಡು ತೆಲೆಶ್‌ನ ಬಾಗಿಲಿಗೆ ಬಂದ.

"ಏನಯ್ಯಾ, ನನ್ನ ಮಗಳನ್ನ ಸಪ್ಪೆ ನೀರಿಗೆ ಕೇಳ್ದೆಯಾ? ಸಿಹಿ ಇಲ್ಲದ ಲೋಟ ಕೊಟ್ಟು ಹೆಣ್ಣು ಕೇಳೋದು ಅಂದ್ರೆ ಏನರ್ಥ? ನಮ್ಮ ಮನೆ ಹೆಣ್ಣಿಗೆ ಇಷ್ಟೇ ಸಾಕು ಅಂತ ತಾನೆ?"

"ಬೀಗರೇ, ಅದು ತೊಟ್ಟಿಯಿಂದ..."

"ಬೀಗರು ಅನ್ಬೇಡ! ಭಾನುವಾರ ನ್ಯಾಯಗಟ್ಟೆಗೆ ಬಾ. ಸಂಬಂಧ ಮುರೀತು."

ಚೆಪ್ ಅಂದಿನಿಂದ ಊಟ ಬಿಟ್ಟ. ಮೂರನೆಯ ದಿನ ಚೀಲ ಕಟ್ಟಿಕೊಂಡು ಉತ್ತರದ ಬಸ್ಸಿನ ವೇಳೆ ವಿಚಾರಿಸಿದ. ಕಾತಾಲ್ ಚೀಲ ಬಿಚ್ಚುವುದು, ಅವನು ಕಟ್ಟುವುದು, ವಾರವಿಡೀ ಇದೇ. ನನ್ನ ಹದಿನೇಳು ಹೆಣ್ಣುಗಳ ಕೀರ್ತಿ ಮಣ್ಣುಪಾಲಾಗುವುದನ್ನು ನೋಡುತ್ತ ನಾನೂ ಊಟ ಬಿಡಬೇಕೆಂದುಕೊಂಡೆ, ಆದರೆ ಹಸಿವಾಯಿತು.

ಭಾನುವಾರ ಸಂತೆ. ಪಂಚಾಯಿತಿ ಕಟ್ಟಡದ ಮುಂದಿನ ಉದ್ದನೆಯ ಬೆಂಚಿನ ಮೇಲೆ ನ್ಯಾಯಾಧಿಪತಿ ಪಾಲಾಸ್ ಕರಿ ಕಂಬಳಿಯ ಅಂಗಿ ತೊಟ್ಟು, ಬೆಳ್ಳಿ ತಲೆಯ ಕೋಲು ಹಿಡಿದು ಕೂತಿದ್ದ. ಅವನ ಎಡಬಲಕ್ಕೆ ನಾಲ್ವರು ಪಂಚರು. ಎದುರಿಗೆ ಚೀಟಿ ಇಲ್ಲದ ಬಾಟಲಿಗಳ ಸಾಲು. ಅದರ ಹಿಂದೆ ಊರಿಗೆ ಊರೇ.

"ಸಾಕ್ಷಿ ರುಚಿ ನೋಡದೆ ತೀರ್ಪಿಲ್ಲ" ಎಂದ ಪಾಲಾಸ್. ಲೋಟ ತುಂಬಿಸಿ ಅವನ ಕೈಗೆ ಕೊಟ್ಟರು. ಅವನು ಅದನ್ನು ಮೂಸಿ, ಗಂಟಲು ಸರಿಮಾಡಿಕೊಂಡು, ಮೊದಲನೆಯ ಪಂಚನ ಕೈಗೆ ಕೊಟ್ಟ. "ನೀನು ನೋಡು. ನಂಗೆ ನೆಗಡಿ."

"ನಂಗೆ ಹಲ್ಲುನೋವು" ಎಂದು ಮೊದಲನೆಯವನು ಎರಡನೆಯವನಿಗೆ ದಾಟಿಸಿದ. ಎರಡನೆಯವನು ಸಂತನಿಗೆ ಹರಕೆ ಹೊತ್ತಿದ್ದ. ಮೂರನೆಯವನು ಈಗ ತಾನೇ ಕುಡಿದು ಬಂದಿದ್ದ. ನಾಲ್ಕನೆಯವನು ನೆಪ ಸಿಗದೆ ಚೀಲದಿಂದ ಲಾಳಿಕೆ ತೆಗೆದ.

ಲಾಳಿಕೆ ಕಂಡದ್ದೇ ತಡ, ಬೆಂಚಿನ ಉದ್ದಕ್ಕೂ ಎಲ್ಲರ ಕೈ ತಮ್ಮ ತಮ್ಮ ಚೀಲಕ್ಕೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

"ಕೊಡಿ ಇಲ್ಲಿ, ಗಂಡಸರಂತೆ ಗಂಡಸರು!" ಎಂದು ಪಾಸ್ಕು ಅಜ್ಜಿ ಲೋಟ ಕಸಿದುಕೊಂಡು ಒಂದು ಗುಟುಕು ಕುಡಿದು ಉಗಿದಳು. "ಸಪ್ಪೆ. ಬರ್ಕೊಳ್ಳಿ."

ಪಾಲಾಸ್ ಕೋಲನ್ನು ತೆಲೆಶ್‌ನ ಕಡೆ ತಿರುಗಿಸಿದ. "ಇಗರ್ಜಿ ಬಾಗಿಲ ಎದುರು ನಿಂತಿದೀಯ. ನಿಜ ಹೇಳು. ಸಕ್ಕರೆ ಎಲ್ಲಿ ಹೋಯ್ತು?"

ತೆಲೆಶ್ ತೊಟ್ಟಿ ಎನ್ನಲು ಬಾಯಿ ತೆರೆದ. ಗುಂಪಿನ ಅಂಚಿನಲ್ಲಿ ಚೀಲ ಹಿಡಿದು ನಿಂತ ಮಗನನ್ನು ನೋಡಿದ.

"ನನ್ನೊಳಗಿದೆ" ಎಂದ. "ನಂಗೆ ಸಕ್ಕರೆ ಕಾಯಿಲೆ. ಕುಡಿಯೋ ಹಾಗಿಲ್ಲ, ಕುಡೀದೆ ಹೆಣ್ಣು ಕೇಳೋ ಹಾಗಿಲ್ಲ. ಸಕ್ಕರೆ ಇಲ್ಲದ್ದು ತಂದೆ, ಚೀಟಿ ಕಿತ್ತೆ. ತಪ್ಪು ನಂದು, ಹುಡುಗನದ್ದಲ್ಲ."

"ಕೇಳಿದ್ರಾ!" ಎಂದು ಮಾನ್ವೆಲ್ ಕೂಗಿದ. "ರೋಗದ ಮನೆ! ಮುಚ್ಚಿಟ್ಟು ಹೆಣ್ಣು ಕೇಳಿದಾನೆ!"

ನಾನು ಎದ್ದೆ. ಮಾತು ಬಲ್ಲವನೆಂಬ ಹೆಸರು ಇಂಥ ಹೊತ್ತಿಗಲ್ಲದೆ ಇನ್ಯಾವಾಗ? "ಮಾನ್ವೆಲಣ್ಣಾ, ಹನ್ನೊಂದು ಲೋಟ ನಿನ್ನ ಕೈಗೆ ಬಂತು. ಒಂದೇ ಒಂದು ಬಾಯಿಗೆ ಹೋಗಿದ್ರೆ ಅಲ್ಲೇ ಗೊತ್ತಾಗ್ತಿತ್ತು. ಮಗಳ ಸಂಬಂಧದ ಸೋಡಾ ಒಂದು ಗುಟುಕೂ ಕುಡೀಲಿಲ್ಲ ಯಾಕೆ?"

"ಅಮ್ಮನಿಗೆ ಅಂತ ಎತ್ತಿಟ್ಟೆ" ಎಂದ ಮಾನ್ವೆಲ್.

"ಮೂರು ತಿಂಗಳಿಂದ ಎಲ್ಲಾ ಕಡೆಯಿಂದ್ಲೂ ತಂದು ನಂಗೇ ಕುಡಿಸ್ತಿದಾನೆ" ಎಂದಳು ಅಜ್ಜಿ. "ವಯಸ್ಸಾದ ಮೇಲೆ ಮಗನಿಗೆ ಪ್ರೀತಿ ಹುಟ್ಟಿದೆ ಅಂತ ನಾನೂ ಸುಮ್ನಿದ್ದೆ."

ಅಷ್ಟರಲ್ಲಿ ಸಂತೆಯ ಆ ಕಡೆಯಿಂದ ಮೈಕಿನ ಸದ್ದು ಕೇಳಿತು. ಭಾನುವಾರಗಳಂದು ಮಿರೆಯಾ ಟೊಮೆಟೊ ಮಾರುವವರ ಪಕ್ಕ ಮೇಜು ಹಾಕಿಕೊಂಡು, ಮೂರು ವಾರ ಔಷಧಿಗೆ ಬಾರದವರನ್ನು ಹೆಸರು ಹಿಡಿದು ಕರೆಯುತ್ತಾಳೆ. ಗುಟ್ಟು ಅನ್ನುವುದು ಅವಳ ಮೈಕಿಗೆ ಗೊತ್ತಿಲ್ಲ.

"ಮಾನ್ವೆಲಣ್ಣಾ! ಮಾನ್ವೆಲಣ್ಣಾ ಎಲ್ಲಿದ್ರೂ ಬರಬೇಕು! ಮೂರು ಗುರುವಾರದಿಂದ ನಿಮ್ಮ ಸಕ್ಕರೆ ಮಾತ್ರೆ ಇಲ್ಲೇ ಕೂತಿದೆ! ಪಾಲಾಸಣ್ಣಾ, ನಿಮ್ದೂ ಇದೆ!"

ಇಂಥ ನಗು ನಮ್ಮೂರಿನಲ್ಲಿ ಹುಟ್ಟಿದ್ದು ಅದೇ ಮೊದಲು. ಟೊಮೆಟೊ ರಾಶಿ ಕುಸಿಯಿತು. ಮಾನ್ವೆಲ್ ಮೊದಲು ಆಕಾಶ ನೋಡಿದ, ಆಮೇಲೆ ನೆಲ ನೋಡಿದ. ಎರಡೂ ಬಾಯಿಬಿಡಲಿಲ್ಲ. ಲೋಶಾ ಮಾತ್ರ ನಗಲಿಲ್ಲ. ಅವಳು ಅಪ್ಪನ ಎದುರು ಬಂದು ನಿಂತಳು.

"ಅಪ್ಪಾ, ಕಾಯಿಲೆ ಇದೆ ಅಂತ ಮನೇಲಿ ಯಾಕೆ ಹೇಳ್ಲಿಲ್ಲ?"

"ರೋಗದ ಮನೆ ಹೆಣ್ಣು ಅಂತ ನಿನ್ನ ಯಾರೂ ಕೇಳೋಕೆ ಬರ್ತಿರ್ಲಿಲ್ಲ ಮಗಳೇ" ಎಂದ ಮಾನ್ವೆಲ್. ಅವನ ದನಿ ಆ ಹೊತ್ತಿಗೆ ಕುರ್ಚಿಯಿಂದ ಕೆಳಗಿಳಿದಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಪಾಲಾಸ್ ಬೇರೆ ದಾರಿಯಿಲ್ಲದೆ ಮಿರೆಯಾಳನ್ನು ಯಂತ್ರದ ಸಮೇತ ಕರೆಸಿದ. ಅವಳು ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಬೆರಳು ಚುಚ್ಚಿದಳು. ಇನ್ನೂರ ಹತ್ತು, ಇನ್ನೂರ ಐವತ್ತು, ನೂರ ತೊಂಬತ್ತು. ನ್ಯಾಯಪೀಠ ಪೂರ್ತಿ ಸಿಹಿ. ತೆಲೆಶ್‌ಗೆ ಮುನ್ನೂರ ಅರವತ್ತು.

"ಏರಿದೆ!" ಎಂದಳು ಮಿರೆಯಾ.

"ಹೆಂಗೆ? ನಾನು ಸಕ್ಕರೆ ಇಲ್ಲದ್ದೇ ಕುಡೀತಿದೀನಿ. ಔಷಧಿ ಅಂತ ದಿನಕ್ಕೆ ನಾಲ್ಕು ಲೀಟರ್."

"ಅದು ಔಷಧಿ ಅಂತ ಯಾರ್ ಹೇಳಿದ್ರು? ಜೊತೆಗೆ ಏನ್ ತಿಂತಿದೀಯ?"

"ಉಳಿಸಿದ ಸಕ್ಕರೆಗೆ ಆರು ಸಿಹಿ ಬನ್ನು. ಲೆಕ್ಕ ಸರಿಹೋಯ್ತಲ್ಲ?"

ಮಿರೆಯಾ ಹಣೆ ಹಿಡಿದುಕೊಂಡಳು. ಪಾಸ್ಕು ಅಜ್ಜಿ ತನ್ನ ಬೆರಳನ್ನೂ ಮುಂದೆ ಚಾಚಿದಳು. ದಿನಕ್ಕೆ ಮೂರು ಬಾಟಲಿ ಕುಡಿಯುವ ಅಜ್ಜಿ.

"ತೊಂಬತ್ತೆರಡು" ಎಂದಳು ಮಿರೆಯಾ. "ಚಿಕ್ಕ ಹುಡುಗಿ ರಕ್ತ."

"ಇದು ನ್ಯಾಯವಲ್ಲ!" ಎಂದು ನ್ಯಾಯಾಧಿಪತಿಯೇ ಕೂಗಿದ.

"ನ್ಯಾಯ ಅಲ್ಲ ಅಣ್ಣಾ, ಅದೃಷ್ಟ. ಅಜ್ಜಿಯ ಹಲ್ಲನ್ನೂ ಎಣಿಸಿ ನೋಡಿ" ಎಂದಳು ಮಿರೆಯಾ.

ಉಳಿದದ್ದು ತೀರ್ಪು. ಪಾಲಾಸ್ ಗಡ್ಡ ಕೆರೆದುಕೊಂಡ. "ಇಬ್ಬರೂ ಮುಚ್ಚಿಟ್ಟಿದೀರಿ, ಇಬ್ಬರಿಗೂ ದಂಡ. ಪದ್ಧತಿ ಪ್ರಕಾರ ಒಬ್ಬರಿಗೊಬ್ಬರು ಎರಡೆರಡು ಪೆಟ್ಟಿಗೆ ಸೋಡಾ..." ಎಂದವನು ಮಿರೆಯಾಳ ಮುಖ ನೋಡಿ ನಿಲ್ಲಿಸಿದ. "ಸಕ್ಕರೆ ಇಲ್ಲದ್ದು?"

"ಸಕ್ಕರೆ ಇರೋದಕ್ಕಿಂತ ವಾಸಿ" ಎಂದಳು ಅವಳು. "ರಕ್ತದಲ್ಲಿ ಸಕ್ಕರೆ ಏರಿಸಲ್ಲ. ಆದ್ರೆ ಅದರ ಹುಳಿಗೆ ಹಲ್ಲು ಸವೆಯುತ್ತೆ. ನಾಲಿಗೆ ಸಿಹಿ ಬೇಕು ಅಂತ ಹಟ ಮಾಡೋದನ್ನ ಮರೆಯುತ್ತೋ ಇಲ್ವೋ ಅನ್ನೋ ವಿಷಯದಲ್ಲಿ ದೊಡ್ಡ ಡಾಕ್ಟ್ರುಗಳೇ ಇನ್ನೂ ಜಗಳ ಆಡ್ತಿದಾರೆ. ನನ್ನ ಕೇಳಿದ್ರೆ, ನೀರು ಕುಡೀರಿ."

"ನೀರಾ!" ಎಂದು ನಾಲ್ವರು ಪಂಚರೂ ಒಟ್ಟಿಗೆ ನಕ್ಕರು. ಪಾಲಾಸ್ ನಗಲಿಲ್ಲ. ಅವನ ಮುಖದಲ್ಲಿ, ಅಪರೂಪಕ್ಕೆ, ಒಂದು ಯೋಚನೆ ಹೊಳೆಯಿತು.

"ಬೆಟ್ಟದ ಮೇಲಿನ ಮೂರು ಶಿಲುಬೆ ಚಿಲುಮೆ ಗೊತ್ತಲ್ಲ? ಒಂದು ವಾರ, ದಿನಾ ಬೆಳಿಗ್ಗೆ ಇಬ್ಬರೂ ಜೊತೇಲಿ ಹತ್ತಬೇಕು. ಒಬ್ಬೊಬ್ಬ ಎರಡೆರಡು ಕೊಡ, ಹಣೆಗೆ ಹಾಕಿದ ಪಟ್ಟಿಗೆ ಕಟ್ಟಿ ಬೆನ್ನ ಮೇಲೆ ಹೊತ್ತು ತರ್ಬೇಕು. ತೆಲೆಶ್ ತಂದದ್ದು ಮಾನ್ವೆಲ್ ಮನೆಗೆ, ಮಾನ್ವೆಲ್ ತಂದದ್ದು ತೆಲೆಶ್ ಮನೆಗೆ. ಮುಂದಿನ ಭಾನುವಾರ ಹೆಣ್ಣು ಮತ್ತೆ ಕೇಳ್ಬೇಕು. ಮಾನ್ವೆಲ್ ಲೋಟ ತಗೊಂಡ್ರೆ ಸಂಬಂಧ, ಇಲ್ಲಾಂದ್ರೆ ಇಲ್ಲ."

ಸೋಡಾ ಮನೆ ಬಾಗಿಲಿಗೆ ಬರುತ್ತದೆ, ನೀರು ಬೆನ್ನ ಮೇಲೆ ಬರಬೇಕು. ಈ ವ್ಯತ್ಯಾಸ ಇಬ್ಬರಿಗೂ ಮೊದಲ ದಿನವೇ ಮೂಳೆ ಮೂಳೆಗೆ ಅರ್ಥವಾಯಿತು. ಸೋಮವಾರ ಮಾತಿಲ್ಲದೆ ಹತ್ತಿದರು. ಮಂಗಳವಾರ ಬೈದಾಡಿಕೊಂಡು ಹತ್ತಿದರು. ಬುಧವಾರ ಮಾನ್ವೆಲ್ ಜಾರಿ ಬಿದ್ದ, ತೆಲೆಶ್ ಕೈಕೊಟ್ಟು ಎಬ್ಬಿಸಿದ. ಗುರುವಾರ ಇಬ್ಬರೂ ಬೆಟ್ಟದಿಂದ ನೇರ ಮಿರೆಯಾಳ ಬಾಗಿಲಿಗೆ ಹೋಗಿ ಬೆರಳು ಚಾಚಿದರು. ತೆಲೆಶ್‌ಗೆ ಇನ್ನೂರ ಮೂವತ್ತು, ಮಾನ್ವೆಲ್‌ಗೆ ನೂರ ಎಂಬತ್ತು.

"ನಾನು ಗೆದ್ದೆ!" ಎಂದ ಮಾನ್ವೆಲ್.

"ನಂದು ನೂರಾ ಮೂವತ್ತು ಇಳಿದಿದೆ, ನಿಂದು ಎಷ್ಟು ಇಳೀತು ಹೇಳು" ಎಂದ ತೆಲೆಶ್. ಶುಕ್ರವಾರದಿಂದ ಇಬ್ಬರೂ ಬೆಟ್ಟವನ್ನು ಪಂದ್ಯ ಕಟ್ಟಿ ಹತ್ತಿದರು.

ಭಾನುವಾರ ಮತ್ತೆ ಅದೇ ಹೊಸ್ತಿಲು, ಅದೇ ನನ್ನ ಮಂಡಿ. ಈ ಸಲ ಪೆಟ್ಟಿಗೆಯಿಲ್ಲ, ಒಂದು ಮಣ್ಣಿನ ಗಡಿಗೆ. ಕಾತಾಲ್ ಕುದಿಸಿ ಆರಿಸಿದ ಚಿಲುಮೆ ನೀರು. ನೀರಿಗೆ ಹೆಣ್ಣು ಕೇಳಿದ ಮೊದಲ ಮನುಷ್ಯ ನಾನೇ ಇರಬೇಕು. ಬೀದಿಯಲ್ಲಿ ಊರೆಲ್ಲ ನಿಂತಿತ್ತು. ಚೆಪ್‌ನ ಕಟ್ಟಿದ ಚೀಲ ಬಾಗಿಲ ಪಕ್ಕದಲ್ಲೇ ಇತ್ತು, ಬಸ್ಸಿಗೆ ಒಂದು ಗಂಟೆ ಬಾಕಿ.

ಚೆಪ್ ಲೋಟ ತುಂಬಿಸಿದ. ಮಾನ್ವೆಲ್ ತೆಗೆದುಕೊಂಡ, ತಲೆಬಾಗಿದ. ಆಮೇಲೆ, ಅಭ್ಯಾಸ ಬಲ ನೋಡಿ, ಅವನ ಎಡಗೈ ಚೀಲಕ್ಕೆ ಹೋಗಿ ಲಾಳಿಕೆ ಹೊರಗೆ ತಂದಿತು.

ಅಡುಗೆಮನೆಯಿಂದ ಲೋಶಾ ಹೊರಗೆ ಬಂದಳು. ಹೆಣ್ಣು ಆ ಹೊತ್ತಿನಲ್ಲಿ ಹೊರಗೆ ಬರುವ ಪದ್ಧತಿಯೇ ಇಲ್ಲ. ಅಪ್ಪನ ಕೈಯಿಂದ ಲಾಳಿಕೆ ತೆಗೆದುಕೊಂಡು, "ಇದು ದೀಪದೆಣ್ಣೆ ಹುಯ್ಯೋಕೆ ಬೇಕು ಅಪ್ಪಾ" ಎಂದು ಒಳಗೆ ಹೋದಳು.

ಮಾನ್ವೆಲ್ ಲೋಟ ಎತ್ತಿ ಕೊನೆಯ ಹನಿಯವರೆಗೂ ಕುಡಿದ. ಖಾಲಿ ಲೋಟವನ್ನು ಬೋರಲು ಹಾಕಿ ಎಲ್ಲರಿಗೂ ತೋರಿಸಿದ. ಬೀದಿಯಲ್ಲಿ ಪಟಾಕಿ ಹಾರಿತು. ಚೆಪ್ ತನ್ನ ಚೀಲವನ್ನು ಒದ್ದ ಏಟಿಗೆ ಅದು ಕೋಳಿಗೂಡಿನ ಮೇಲೆ ಹೋಗಿ ಕೂತಿತು. ತೆಲೆಶ್ ಮತ್ತು ಮಾನ್ವೆಲ್ ಅಪ್ಪಿಕೊಂಡು, ಯಾರ ಹೊಟ್ಟೆ ಕರಗಿದೆ ಎಂದು ಒಬ್ಬರದೊಬ್ಬರು ತಟ್ಟಿ ನೋಡಿದರು.

ಎರಡನೆಯ ಲೋಟ ಪಾಸ್ಕು ಅಜ್ಜಿಗೆ. ಅವಳು ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಹತ್ತಿರದಲ್ಲಿದ್ದ ಕೋಳಿ ದೂರ ಸರಿಯಿತು. ಅಜ್ಜಿ ನುಂಗಿ, ಮೂರೂ ಹಲ್ಲು ಚಪ್ಪರಿಸಿ, ಸುತ್ತಲೂ ಅನುಮಾನದಿಂದ ನೋಡಿದಳು.

"ಇದಕ್ಕೆ ಸಕ್ಕರೆ ಹಾಕಿದ್ದು ಯಾರು?"

"ಯಾರೂ ಹಾಕಿಲ್ಲಮ್ಮಾ" ಎಂದ ಮಾನ್ವೆಲ್. "ಬೀಗರು ಹೊತ್ತು ತಂದ ನೀರು, ಅಷ್ಟೇ."

ಅಜ್ಜಿ ಉಳಿದದ್ದನ್ನೂ ಕುಡಿದು ಲೋಟ ಮುಂದೆ ಚಾಚಿದಳು.

"ಇನ್ನೊಂದು ಹುಯ್ಯೋ ಮೊಮ್ಮಗನೇ. ಲೇ ಲೋಶಾ, ಆ ಲಾಳಿಕೆ ಇಲ್ಲಿ ತಾ, ನಾಳೆಗೂ ಒಂದಿಷ್ಟು ಎತ್ತಿಟ್ಕೋತೀನಿ."